ಕೂಸನ್ನು ಕರೆತಂದವರು

ಒಬ್ಬ ತಾಯಿಯನ್ನು ನಾನು ಅಕ್ಕ ಎಂದು ಬರೆದೆ. ತಿಳಿಯದೆ ಬರೆದದ್ದಲ್ಲ – ತಿಳಿದೂ ಬರೆದೆ, ನೀಲಿ ಶಾಯಿಯಲ್ಲಿ, ನನ್ನ ದುಂಡನೆಯ ಅಕ್ಷರದಲ್ಲಿ. ಒಂದು ಸಲ ಕಚೇರಿಯ ನಮೂನೆಯ ಮೇಲೆ, ಇನ್ನೊಂದು ಸಲ ಆಸ್ಪತ್ರೆಗೆ ಒಯ್ಯುವ ಚೀಟಿಯ ಮೇಲೆ. ಆ ಚೀಟಿ ಹಿಡಿದುಕೊಂಡು ಹೋದವಳು ಎರಡು ದಿನ ಬಾಗಿಲಿನಿಂದ ತಿರುಗಿ ಬಂದಳು. ಅವಳ ಹೆಸರು ನಿಂಗವ್ವ. ಅವಳ ಕೂಸಿನ ಹೆಸರು ಮಾಳು.

ಇದನ್ನು ಆರು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದಕ್ಕೆ ಕಾರಣವಿದೆ, ಅದು ಮುಂದೆ ಬರುತ್ತದೆ. ಮೊದಲು ನಾನು ಯಾರೆಂದು ಹೇಳಬೇಕು. ಯಾಕೆಂದರೆ ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅದು ಬರೀ ತಪ್ಪಾಗುತ್ತಿತ್ತು. ನಾನು ಮಾಡಿದ್ದರಿಂದ ಅದು –

ನಾನು ಗದಗಿನ ಕಡೆಯ ಹೆಣ್ಣು, ಪುಣೆಯ ಖಡಕಿಯ ಸೊಸೆ. ನನ್ನ ಗಂಡ ಅಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ಗುಮಾಸ್ತರು. ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಮೊದಲ ವಾರ ಪಕ್ಕದ ಮನೆಯ ಹೊಸ ಸೊಸೆ ಬಾಗಿಲಲ್ಲಿ ನಿಂತು, ಬಟ್ಟಲು ಮುಂದೆ ಹಿಡಿದು, ‘ತಾಈ, ಥೋಡೀ ಸಾಖರ ದ್ಯಾ ನಾ’ ಎಂದಳು. ನನಗೆ ಆಗ ಇಪ್ಪತ್ತೊಂದು ತುಂಬಿರಲಿಲ್ಲ. ಸಕ್ಕರೆಯನ್ನೇನೋ ಕೊಟ್ಟೆ, ಮುಖ ಊದಿಸಿಕೊಂಡು ಕೊಟ್ಟೆ. ಸಂಜೆ ಗಂಡ ಮನೆಗೆ ಬಂದ ಕೂಡಲೇ ಜಗಳ ತೆಗೆದೆ. ‘ನಾ ಏನ್ ಆಕೀಗೆ ತಾಯಿ ಹಂಗ ಕಾಣ್ತೀನೇನ್ರಿ?’

ಅವರು ಚಹಾ ಕೆಳಗಿಟ್ಟು ನಕ್ಕರು. ‘ಅಯ್ಯ ಹುಚ್ಚಿ, ಮರಾಠಿಯೊಳಗ ತಾಈ ಅಂದ್ರ ಅಕ್ಕ. ತಾಯಿಗೆ ಇಲ್ಲಿ ಆಯಿ ಅಂತಾರ.’

ಈ ಕಥೆಯನ್ನು ನಾನು ಎಷ್ಟು ಅರಿಶಿನ ಕುಂಕುಮಗಳಲ್ಲಿ, ಎಷ್ಟು ಹೊಸ ಸೊಸೆಯರ ಮುಂದೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ತಾಯಿ, ಅವರ ತಾಈ – ಕಿವಿಗೆ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪುಣೆಯಲ್ಲಿ ಈ ಶಬ್ದದ ಹಳ್ಳ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಕ್ಕಿಲ್ಲ. ಇದನ್ನು ನೆನಪಿಡಿ.

ಮಗಳು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ನನಗೆ ಒಂದು ಕೆಲಸ ಸಿಕ್ಕಿತು. ಮಕ್ಕಳ ಆರೋಗ್ಯಕ್ಕಾಗಿ ಹತ್ತಾರು ದೇಶಗಳಲ್ಲಿ ಕೆಲಸ ಮಾಡುವ ಒಂದು ದೊಡ್ಡ ಸಂಸ್ಥೆ ಪುಣೆಯ ಸುತ್ತ ಕಟ್ಟಡದ ಕೂಲಿಗೆ ಬಂದವರ ಮಕ್ಕಳನ್ನು ಅಳೆದು ತೂಗಿ ನೋಡುತ್ತಿತ್ತು. ಕೂಲಿಯವರಲ್ಲಿ ನಮ್ಮ ಇಂಡಿ, ಸಿಂದಗಿ, ಯಾದಗಿರಿ ಕಡೆಯವರೇ ಬಹಳ. ಅವರಿಗೆ ಮರಾಠಿ ಬಾರದು. ದಾದಿಯರಿಗೆ ಕನ್ನಡ ಬಾರದು. ಎರಡೂ ಬರುವ ಹೆಂಗಸು ಬೇಕಾಗಿತ್ತು. ಸಂಸ್ಥೆಯ ಡಾಕ್ಟರ್ ಬಾಯಿ ನನ್ನನ್ನು ಆರಿಸಿದ ದಿನ ಒಂದೇ ಮಾತು ಹೇಳಿದರು: ‘ಭಾಷಾ ಹೇಚ ತುಮಚಂ ಕಾಮ.’ ಭಾಷೆಯೇ ನಿಮ್ಮ ಕೆಲಸ. ಕನ್ನಡದವರ ಶೆಡ್ಡುಗಳಲ್ಲಿ ಶಿಬಿರ ನಡೆದಾಗ ಮೇಜಿನ ಮುಂದೆ ನೀವೇ ಕೂರಬೇಕು, ಬೇರೆ ಯಾರೂ ಅಲ್ಲ.

ನಾನು ಹಿಗ್ಗಿದೆ. ಹೊಸ ಕಾಟನ್ ಸೀರೆ, ಭುಜಕ್ಕೆ ಚೀಲ, ಚೀಲದಲ್ಲಿ ಪಟ್ಟಿಗಳ ಕಟ್ಟು. ಅದು ಮಗುವಿನ ರಟ್ಟೆಗೆ ಸುತ್ತಿ ನೋಡುವ ಪಟ್ಟಿ. ಹಸಿರು ಬಂದರೆ ಕ್ಷೇಮ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಕೂಡಲೇ ದವಾಖಾನೆ.

ನಿಂಗವ್ವನನ್ನು ನಾನು ಮೊದಲು ಕಂಡದ್ದು ವಾಘೋಲಿಯ ಆಚೆ, ಅರ್ಧ ಎದ್ದ ಎರಡು ಗೋಪುರಗಳ ನಡುವಿನ ತಗಡಿನ ಶೆಡ್ಡಿನಲ್ಲಿ. ಹೊಸ್ತಿಲ ಮೇಲೆ ಕೂತು ಕೂಸಿಗೆ ಮೊಲೆ ಕೊಡುತ್ತಿದ್ದಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ನೋಡಿದರೆ ಹದಿನೈದರ ಹುಡುಗಿ. ಮೈಯಲ್ಲಿ ಮಾಂಸವಿಲ್ಲ, ಕಾಲಿಗೆ ಗಂಡನ ರಬ್ಬರ್ ಬೂಟು. ಕನ್ನಡ ಕೇಳಿದ್ದೇ ಮುಖ ಅರಳಿತು. ನಾನು ಪಟ್ಟಿ ತೆಗೆದೆ.

‘ಬಳಿ ತೊಡಸ್ತೀರೇನ್ರಿ ಅಕ್ಕಾ ನಮ್ಮ ಮಾಳುಗ?’

‘ಬಳಿ ಅಲ್ಲವ್ವ, ಅಳತಿ.’ ಸುತ್ತಿದೆ. ಹಳದಿ ಬಂತು. 

ಅವಳು ಬಗ್ಗಿ ನೋಡಿ ಮೂಗು ಮುರಿದಳು. ‘ಹಳದೇನ್ರಿ? ಕೆಂಪ ಕೊಡ್ರಿ, ಛಂದ ಕಾಣ್ತದ.’ ಪಕ್ಕದ ಶೆಡ್ಡಿನ ಮುದುಕಿ, ‘ನಿನ್ನ ಮಗಾ ಏನ್ ಮದಿಮಗಾ ಏನ?’ ಎಂದು ಹಂಗಿಸಿದಳು. ಇವಳು ಬಿಡದೆ, ‘ಇರ್ಲಿ ತಗೋರಿ, ಮುಂದಿನ ಸರ್ತಿ ಕೆಂಪ ಬರ್ತದ’ ಎಂದಳು.

ನಾನು ಅವಳ ಪಕ್ಕ ಕೂತು ಬಿಡಿಸಿ ಹೇಳಿದೆ – ಇಲ್ಲಿ ಕೆಂಪು ಶುಭವಲ್ಲ, ಎದೆಹಾಲೊಂದೇ ಈಗ ಸಾಲದು, ಬೇಳೆ ಕಿವುಚಿದ ಅನ್ನ ಕೊಡು, ಚಹಾದಲ್ಲಿ ಬಿಸ್ಕಿಟು ಅದ್ದಿ ಕೊಡುವುದು ಬಿಡು. ಅವಳು ನಾಲಿಗೆ ಕಚ್ಚಿಕೊಂಡಳು. ತಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಂತೆ ಪಕ್ಕಕ್ಕೆ ತಿರುಗಿ ಮೂರು ಸಲ ಥೂ ಥೂ ಎಂದಳು.

ಆದ್ದರಿಂದ ನನಗೆ ಗೊತ್ತಿತ್ತು. ಅವಳು ಮಾಳುವಿನ ತಾಯಿ ಎಂಬುದು ನನಗೆ ಗೊತ್ತಿತ್ತು, ಕಣ್ಣಾರೆ ಕಂಡದ್ದು.

ಮುಂದಿನ ಶಿಬಿರ ಬಂದದ್ದು ಶ್ರಾವಣದ ಶುಕ್ರವಾರ. ನಮ್ಮ ಮನೆಯಲ್ಲಿ ಆ ದಿನ ಲಕ್ಷ್ಮಿ ಕೂರಿಸುತ್ತಾರೆ, ಮುತ್ತೈದೆಯರು ಊಟಕ್ಕೆ ಬರುತ್ತಾರೆ. ಅತ್ತೆಗೆ ಕಣ್ಣು ಮಂಜು. ಹೋಳಿಗೆಯ ಕಣಕ ನಾದಲು ನಾನೇ ಆಗಬೇಕು. ರಜೆ ಕೇಳಬಹುದಿತ್ತು. ಕೇಳಿದರೆ ಶಿಬಿರ ಮುಂದೆ ಹೋಗುತ್ತಿತ್ತು, ಡಾಕ್ಟರ್ ಬಾಯಿಯ ಹುಬ್ಬು ಮೇಲೇರುತ್ತಿತ್ತು. ಬೆಳಿಗ್ಗೆ ಹೋಗಿ ಹಾಜರಿ ಹಾಳೆಯಲ್ಲಿ ಬಂದ ಸಹಿ, ಹೋದ ಸಹಿ ಎರಡನ್ನೂ ಒಟ್ಟಿಗೆ ಹಾಕಿದೆ. ಹನ್ನೊಂದು ಗಂಟೆಗೆ, ಜೊತೆಯಲ್ಲಿದ್ದ ಉಜ್ವಲಾ ಎಂಬ ಹುಡುಗಿಗೆ ಮೇಜು ಒಪ್ಪಿಸಿ ಬಸ್ಸು ಹತ್ತಿದೆ. ಒಳ್ಳೆಯ ಹುಡುಗಿ, ಚುರುಕು ಕೈ. ಕನ್ನಡದ ಒಂದಕ್ಷರ ಬಾರದು.

ಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ವಿಷಯ ಬರೆದಿಡುವುದು ನನ್ನ ಅಭ್ಯಾಸ. ಆ ವರ್ಷದ ಕ್ಯಾಲೆಂಡರು ಇನ್ನೂ ಟ್ರಂಕಿನಲ್ಲಿದೆ. ಆ ಶುಕ್ರವಾರದ ಚೌಕದಲ್ಲಿ ಹೀಗಿದೆ: ‘ಹೂರಣ ಸ್ವಲ್ಪ ಸಡಿಲಾಯಿತು. ಕಟ್ಟಿನ ಸಾರು ಎಲ್ಲರಿಗೂ ಸೇರಿತು.’ ಅಷ್ಟೇ.

ನಾನು ಹೋಳಿಗೆ ಬೇಯಿಸುತ್ತಿದ್ದ ಹೊತ್ತಿನಲ್ಲಿ ನಿಂಗವ್ವ ಮೇಜಿನ ಮುಂದೆ ನಿಂತಳು. ಪಟ್ಟಿ ಕೆಂಪು ತೋರಿಸಿತು. ಉಜ್ವಲಾ ಕೇಳಿರಬೇಕು, ನೀನು ಯಾರು ಈ ಕೂಸಿಗೆ? ಮನೆಯಲ್ಲಾದರೆ ಅವಳು ‘ಅವ್ವ’ ಎನ್ನುವವಳು. ಅವ್ವ ಎಂದಿದ್ದರೆ ಉಜ್ವಲಾಗೆ ತಿಳಿಯುತ್ತಿರಲಿಲ್ಲ, ತಿಳಿಯದೆ ಇನ್ನೊಮ್ಮೆ ಕೇಳುತ್ತಿದ್ದಳು. ಆದರೆ ಕುರ್ಚಿಯ ಮೇಲೆ ಕೂತವರ ಮುಂದೆ, ಬರೆದುಕೊಳ್ಳುವವರ ಮುಂದೆ, ಮನೆಯ ಮಾತು ಆಡಬಾರದು ಎಂದುಕೊಂಡಳು ಪಾಪ. ತನಗೆ ಗೊತ್ತಿದ್ದ ದೊಡ್ಡ ಶಬ್ದ ಆಡಿದಳು. ತಾಯಿ, ಎಂದಳು.

ಉಜ್ವಲಾ ಬರೆದುಕೊಂಡಳು: ತಾಈ.

ಶನಿವಾರ ಬೆಳಿಗ್ಗೆ ಕಚೇರಿಯಲ್ಲಿ ರಿಜಿಸ್ಟರು ನನ್ನ ಕೈಗೆ ಬಂತು. ಅದರಿಂದ ಸಂಸ್ಥೆಯ ನಮೂನೆಗೆ ಇಳಿಸುವುದು, ಕೆಂಪು ಬಂದ ಮಕ್ಕಳಿಗೆ ಚೀಟಿ ಬರೆಯುವುದು ನನ್ನ ಕೆಲಸ. ‘ಕೂಸನ್ನು ಕರೆತಂದವರು’ ಎಂಬ ಕಾಲಮ್ಮಿನಲ್ಲಿ ಮಾಳುವಿನ ಹೆಸರಿನ ಎದುರು ಆ ಎರಡಕ್ಷರ ಕಂಡವು. ಮೊದಲು ನಗು ಬಂತು – ನಿಜ ಹೇಳುತ್ತೇನೆ, ನನ್ನ ಸಕ್ಕರೆಯ ಕಥೆ ನೆನಪಾಗಿ ನಗು ಬಂತು. ಉಜ್ವಲಾಳನ್ನು ಕರೆದು ಹೇಳಿಬಿಡೋಣ ಎಂದು ಅರ್ಧ ಎದ್ದೆ ಕೂಡ.

ಆಮೇಲೆ ಕೂತುಬಿಟ್ಟೆ.

ರಿಜಿಸ್ಟರಿನಲ್ಲಿ ತಿದ್ದಬೇಕಾದರೆ ಒಂದು ಕ್ರಮವಿತ್ತು. ತಪ್ಪನ್ನು ಕೆಂಪು ಶಾಯಿಯಲ್ಲಿ ಸುತ್ತಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು, ಸಹಿ ಮಾಡಬೇಕು. ಕಾರಣ ಏನೆಂದು ಬರೆಯಲಿ? ಮೇಜಿನ ಮುಂದೆ ಕನ್ನಡ ಬಲ್ಲವರು ಇರಲಿಲ್ಲ ಎಂದೇ? ಹಾಜರಿ ಹಾಳೆಯಲ್ಲಿ ನನ್ನ ಎರಡು ಸಹಿಗಳು ಕೂತಿದ್ದವು. ಡಾಕ್ಟರ್ ಬಾಯಿ ರಿಜಿಸ್ಟರು, ಹಾಜರಿ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಹೆಂಗಸು.

ನಮೂನೆಯಲ್ಲಿ ತಾಈ ಎಂದೇ ಇಳಿಸಿದೆ. ಚೀಟಿ ಇಂಗ್ಲಿಷಿನದು. ಜೊತೆಗೆ ಬರುವವರು ಎಂಬ ಜಾಗದಲ್ಲಿ ನಾನು ‘ಸಿಸ್ಟರ್’ ಎಂದು ಬರೆದೆ. ಶೆಡ್ಡಿಗೆ ಮುಟ್ಟಿಸಲು ಉಜ್ವಲಾಳ ಕೈಗೆ ಕೊಟ್ಟೆ.

ಬರೆಯುವಾಗ ನನಗೆ ನಾನೇ ಹೇಳಿಕೊಂಡದ್ದೂ ನೆನಪಿದೆ. ಅಲ್ಲಿ ಹೋದ ಮೇಲೆ ತಿಳಿದೇ ತಿಳಿಯುತ್ತದೆ, ಕೂಸು ಎದೆಗೆ ಬಾಯಿ ಹಾಕುತ್ತದೆ, ದಾದಿಯರು ಕುರುಡರೇ? ಅವಳ ಹಾಲು ಅಷ್ಟು ಹೊತ್ತಿಗೆ ಬತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಶುಕ್ರವಾರ ಅಲ್ಲಿರಬೇಕಿತ್ತು.

ಚೀಟಿ ಹೋಗುವ ಆಸ್ಪತ್ರೆಯ ಪೌಷ್ಟಿಕ ಕೇಂದ್ರದ ನಿಯಮ ನನಗೆ ಬಾಯಿಪಾಠ. ಸೊರಗಿದ ಕೂಸನ್ನು ಎರಡು ವಾರ ಇರಿಸಿಕೊಂಡು ಹಾಲು, ಗಂಜಿ, ಔಷಧ ಕೊಟ್ಟು ಎತ್ತುತ್ತಾರೆ. ಆದರೆ ತಾಯಿ ಜೊತೆಗಿರಲೇಬೇಕು. ಅಕ್ಕ ತಂಗಿಯರನ್ನು ಇರಿಸಿಕೊಳ್ಳುವುದಿಲ್ಲ, ತಾಯಿಯನ್ನು ಕರೆದುಕೊಂಡು ಬಾ ಎಂದು ಕಳಿಸುತ್ತಾರೆ. ನಿಯಮ ಒಳ್ಳೆಯದೇ. ತಾಯಿಯೂ ಕಲಿಯಲಿ ಎಂದು ಮಾಡಿದ ನಿಯಮ.

ಸೋಮವಾರ ಸಂಜೆ ಡಾಕ್ಟರ್ ಬಾಯಿಯ ಫೋನು. ‘ವಾಘೋಲಿಯ ಆ ಹುಡುಗನನ್ನು ಅವನ ಅಕ್ಕ ತಂದಿದ್ದಳಂತೆ. ಆಯಿ ಕುಠಂ ಆಹೇ? ಜರಾ ಬಘಾ.’ ತಾಯಿ ಎಲ್ಲಿದ್ದಾಳೆ, ಸ್ವಲ್ಪ ನೋಡಿ.

ಆಗಲೂ ಹೇಳಬಹುದಿತ್ತು. ‘ಬಾಯಿ, ಅವಳೇ ತಾಯಿ.’ ಮೂರೇ ಮಾತು. ಒಲೆಯ ಮೇಲೆ ಹಾಲಿತ್ತು, ಅದರತ್ತ ನೋಡುತ್ತ ನಾನು ಹೇಳಿದ್ದು: ‘ಹೋ, ಬಘತೇ.’ ನೋಡುತ್ತೇನೆ.

ಮಂಗಳವಾರ ಗ್ಯಾಸ್ ಸಿಲಿಂಡರ್ ಬರುವುದಿತ್ತು. ಬುಧವಾರ ಅತ್ತೆಯ ಕಣ್ಣು ತೋರಿಸುವುದಿತ್ತು. ಕ್ಯಾಲೆಂಡರಿನಲ್ಲಿ ಎರಡೂ ಇವೆ, ಸುಳ್ಳಲ್ಲ. ಆದರೆ ಸಿಲಿಂಡರನ್ನು ಪಕ್ಕದ ಮನೆಯವರು ಇಳಿಸಿಕೊಳ್ಳುತ್ತಿದ್ದರು, ಕಣ್ಣನ್ನು ಮುಂದಿನ ವಾರ ತೋರಿಸಬಹುದಿತ್ತು. ನಾನು ಹೋಗದಿದ್ದುದು ಅವಳ ಮುಖ ನೋಡಬೇಕಾಗುತ್ತದೆಂದು.

ಗುರುವಾರ ಹೋದೆ. ಶೆಡ್ಡಿನ ತಗಡುಗಳನ್ನು ಬಿಚ್ಚಿ ಒಯ್ದಿದ್ದರು. ಮೂರು ಒಲೆಗಲ್ಲು, ಒಂದು ಮುರಿದ ಪ್ಲಾಸ್ಟಿಕ್ ಕೊಡ. ಕಾವಲುಗಾರ ಹೇಳಿದ, ಮೇಸ್ತ್ರಿ ನಿನ್ನೆ ಇಡೀ ತಂಡವನ್ನು ಲಾರಿಯಲ್ಲಿ ರಾಂಜಣಗಾಂವಕ್ಕೆ ಒಯ್ದ, ಅಲ್ಲೊಂದು ಕಾರ್ಖಾನೆಯ ಕಟ್ಟಡ ಏಳುತ್ತಿದೆ.

ನಾನು ನಮೂನೆಯಲ್ಲಿ ಬರೆದೆ: ‘ಕುಟುಂಬ ಸ್ಥಳ ಬಿಟ್ಟಿದೆ. ತಾಯಿ ಸಿಗಲಿಲ್ಲ.’ ಡಾಕ್ಟರ್ ಬಾಯಿ ಓದಿ ನಿಟ್ಟುಸಿರು ಬಿಟ್ಟರು, ‘ತುಮ್ಹೀ ತರೀ ಕಾಯ ಕರಣಾರ’ ಎಂದರು. ನೀವಾದರೂ ಏನು ಮಾಡುತ್ತೀರಿ. ನನಗೆ ಸಮಾಧಾನ ಹೇಳಿದರು! ನಾನು ಆ ಸಮಾಧಾನವನ್ನು ತೆಗೆದುಕೊಂಡೆ.

ಅದೇ ಚಳಿಗಾಲದಲ್ಲಿ ಮನೆಯವರೆಲ್ಲ ರಾಂಜಣಗಾಂವದ ಗಣಪತಿಗೆ ಹೋದೆವು. ದರ್ಶನವಾಯಿತು, ಪ್ರಸಾದವಾಯಿತು. ಗುಡಿಯ ಆಚೆ ರಸ್ತೆಗೆ ಕಾರ್ಖಾನೆಗಳ ಉದ್ದ ಚಾವಣಿಗಳು, ಮಧ್ಯೆ ಕಟ್ಟುತ್ತಿರುವ ಒಂದೆರಡು, ಪಕ್ಕದಲ್ಲಿ ತಗಡಿನ ಶೆಡ್ಡುಗಳು ಹೊಳೆಯುತ್ತಿದ್ದವು. ಕೇಳುತ್ತ ಹೋಗಿದ್ದರೆ ಸಿಗುತ್ತಿದ್ದರೇನೋ. ‘ಹೊತ್ತಾತು, ಬಸ್ಸು ತಪ್ಪತದ’ ಎಂದವಳು ನಾನೇ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.

ಸಂಸ್ಥೆಯ ಆ ಯೋಜನೆ ಎರಡು ವರ್ಷಕ್ಕೆ ಮುಗಿಯಿತು. ಕೊನೆಯ ಸಭೆಯಲ್ಲಿ ನನಗೆ ಒಂದು ಶಾಲು, ಒಂದು ಪ್ರಮಾಣಪತ್ರ. ಹಲವು ಮಕ್ಕಳು ಉಳಿದದ್ದೂ ನಿಜ. ಅವರ ತಾಯಂದಿರು ಈಗಲೂ ಬಜಾರಿನಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ. ಆ ಮಕ್ಕಳನ್ನು ಒಂದು ತಟ್ಟೆಯಲ್ಲಿ, ಮಾಳುವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿ ನೋಡಲು ಬಹಳ ಸಲ – ಬೇಡ. ಅದು ಕೂಡ ತಪ್ಪಿಸಿಕೊಳ್ಳುವ ದಾರಿಯೇ.

ಈಗ ನಾನು ಬುಧವಾರ ಬುಧವಾರ ಸರಕಾರಿ ದವಾಖಾನೆಯ ಲಸಿಕೆಯ ಮೇಜಿನ ಮುಂದೆ ಕೂರುತ್ತೇನೆ, ಕಾರ್ಡು ಬರೆಯುವ ಕೆಲಸ. ಎರಡು ತಿಂಗಳ ಹಿಂದೆ, ಸಾಲು ಉದ್ದವಿತ್ತು, ತಲೆ ಎತ್ತದೆ ಮರಾಠಿಯಲ್ಲಿ ಕೇಳುತ್ತ ಹೋಗುತ್ತಿದ್ದೆ: ಮಗುವನ್ನು ಯಾರು ತಂದಿದ್ದೀರಿ? ಒಂದು ದನಿ, ಬೇಕಾದದ್ದಕ್ಕಿಂತ ಗಟ್ಟಿಯಾಗಿ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವಂತೆ ಹೇಳಿತು:

‘ಮೀ ಆಯಿ. ತಾಈ ನಾಹೀ. ಆಯಿ.’ ನಾನು ತಾಯಿ, ಅಕ್ಕ ಅಲ್ಲ.

ಹಿಂದೆ ನಿಂತವಳು ನಕ್ಕಳು, ‘ಅಗ ಬಾಈ, ಏವಢಂ ಓರಡತೇಸ ಕಶಾಲಾ?’ ಇಷ್ಟು ಯಾಕೆ ಕಿರುಚುತ್ತೀಯಮ್ಮ? ನಾನು ತಲೆ ಎತ್ತಿದೆ. ತುಸು ಮೈ ತುಂಬಿತ್ತು. ಕಣ್ಣು ಅವೇ.

‘ನಿಂಗವ್ವ?’ ಎಂದೆ. ನನ್ನ ಬಾಯಿಂದ ಹೆಸರು ತಾನಾಗಿ ಬಂತು.

‘ಅಯ್ಯ! ಅಕ್ಕಾರ! ನೀವ!’ ಎಂದಳು. ಸಾಲು ಮರೆತಳು. ‘ವಾಘೋಲಿಗೆ ಬರ್ತಿದ್ರಲ್ರಿ, ನಮ್ಮ ಮಾಳುಗ ಬಳಿ ತೊಡಿಸಿದ್ರಿ. ಈಕಿ ನೋಡ್ರಿ, ಮಗಳು, ಆರು ವಾರದಾಕಿ.’

ಕೇಳಬಾರದಿತ್ತು. ಕೇಳದಿರಲೂ ಆಗಲಿಲ್ಲ. ‘ಮಾಳು?’

ಅವಳು ಮಗಳ ಕುಲಾವಿಯನ್ನು ಸರಿ ಮಾಡಿದಳು, ಸರಿಯಾಗಿಯೇ ಇದ್ದುದನ್ನು. ‘ಅಂವಾ ಉಳೀಲಿಲ್ರಿ. ರಾಂಜಣಗಾಂವಕ್ಕ ಹೋಗಿ ಎಂಟ ದಿನಕ್ಕ ಹೋದಾ. ದವಾಖಾನಿಗೆ ಎರಡ ದಿನ ಹೋಗಿದ್ನಿರಿ. ಅಲ್ಲಿ ನರ್ಸ ಬಾಯಿ, ಆಯಿ ಕುಠಂ, ಆಯಿ ಕುಠಂ ಅಂತ ಕೇಳಾಕಿ. ನಾ, ತಾಯಿ ರೀ, ನಾನ ತಾಯಿ ರೀ ಅಂತ ಎದಿ ಬಡಕೊಂಡ ಹೇಳಿದ್ನಿ. ಆಕಿ ಚೀಟಿ ತೋರಸಿ ನಕ್ಕೋತ, ಹೋ ಗ ತಾಈ, ಕಳ್ಲಂ, ಆಯಿಲಾ ಘೇವೂನ ಯೇ ಅಂದ್ಳು. ನನಗೇನ ತಿಳೀಬೇಕ್ರಿ ಅವಾಗ?’

ಹೌದಮ್ಮ ಅಕ್ಕಾ, ತಿಳೀತು, ನಿಮ್ಮ ತಾಯಿಯನ್ನು ಕರೆದುಕೊಂಡು ಬಾ – ಅದರ ಅರ್ಥ ಇದು. ಅವಳು ತಾನು ತಾಯಿ ಎಂದಷ್ಟೂ ಅವರಿಗೆ ಅಕ್ಕ ಎಂದೇ ಕೇಳಿತು.

‘ಮುಂದ ಒಂದ ವರ್ಷಕ್ಕ ಯಾರೋ ಹೇಳಿದ್ರು, ಇಲ್ಲಿ ತಾಯಿ ಅಂದ್ರ ಅಕ್ಕ ಅಂತ. ನಾನ ತಪ್ಪ ಹೇಳಿದ್ನಿ ನೋಡ್ರಿ ಅಕ್ಕಾ. ಈ ನಾಲಿಗಿ. ನನ್ನ ನಾಲಿಗೀನ ಅಂವನ್ನ ತಿಂತು.’ ಅಳಲಿಲ್ಲ. ಬಹಳ ಸಲ ಹೇಳಿ ಸವೆದ ಮಾತಿನ ಹಾಗೆ ಹೇಳಿದಳು. ಆಮೇಲೆ ನನ್ನ ಕಡೆ ನೋಡಿ, ಯಾವ ಚುಚ್ಚೂ ಇಲ್ಲದೆ, ‘ಅವತ್ತ ಮೇಜಿನ ಮುಂದ ನೀವು ಇದ್ದಿದ್ರ ಭಾಳ ಛಲೋ ಇತ್ರಿ’ ಎಂದಳು.

ಆರು ವರ್ಷ ಅವಳು ಅದನ್ನು ಹೊತ್ತಿದ್ದಾಳೆ. ನನ್ನದನ್ನು.

ಆಗ ನಾನು ಏನು ಹೇಳಿದೆ ಕೇಳಿ. ‘ಹೋಗ್ಲಿ ಬಿಡವ್ವ, ನಿಂದೇನ ತಪ್ಪದ ಅದರಾಗ’ ಎಂದೆ. ಯಾರಾದರೂ ಹೇಳುವ ಮಾತು. ಅವಳು ಅದನ್ನು ನನ್ನ ಒಳ್ಳೆಯತನ ಎಂದುಕೊಂಡಳು, ಕಾರ್ಡು ತೆಗೆದುಕೊಂಡು ಕೈ ಮುಗಿದಳು. ಚೀಟಿ ಬರೆದದ್ದು ಇದೇ ಕೈ ಎಂದು ನಾನು ಹೇಳಲಿಲ್ಲ. ನಾಲ್ಕು ವಾರದ ಮೇಲೆ ಎರಡನೆಯ ಲಸಿಕೆಗೆ ಬಂದಾಗ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು, ‘ನಮ್ಮ ಕಡೀದು, ತಿನ್ರಿ’ ಎಂದು. ಆಗಲೂ ಹೇಳಲಿಲ್ಲ. ಮೊದಲನೆಯ ಸುಳ್ಳಿಗೆ ಹೆದರಿಕೆ ಎಂಬ ಹೆಸರಾದರೂ ಇತ್ತು. ಈ ಎರಡು ಬುಧವಾರಗಳಿಗೆ ಏನು ಹೆಸರಿಡಲಿ ನನಗೆ ತಿಳಿಯದು.

ಹೋಳಿಗೆ ಮನೆಗೆ ತಂದೆ. ತಿನ್ನಲಾಗಲಿಲ್ಲ. ಗಂಡ ಕಾರಣ ಕೇಳಿದರು, ಎಲ್ಲ ಹೇಳಿದೆ. ಅವರು, ‘ಕೂಸು ಮೊದಲ ಅಶಕ್ತ ಇತ್ತಲ್ಲ. ದವಾಖಾನ್ಯಾಗ ಇಟ್ಟಿದ್ರೂ ಉಳೀತಿತ್ತು ಅಂತ ಯಾರ ಬಲ್ಲರು?’ ಎಂದರು. ನನ್ನ ಮೇಲಿನ ಪ್ರೀತಿಯಿಂದ ಹೇಳಿದ್ದು. ಹೌದು, ಯಾರು ಬಲ್ಲರು. ಆದರೆ ಅವನು ಉಳಿಯುತ್ತಿದ್ದನೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ.

ಡಾಕ್ಟರ್ ಬಾಯಿ ಈಗ ಬೇರೆ ದೇಶದಲ್ಲಿದ್ದಾರೆ. ಅವರಿಗೆ ಪತ್ರ ಬರೆದು ಎಲ್ಲ ತಿಳಿಸಿದ್ದೇನೆ. ಆ ಹಳೆಯ ನಮೂನೆ ಇನ್ನೂ ಇದ್ದರೆ ಕೆಂಪು ಶಾಯಿಯಲ್ಲಿ ಸುತ್ತಿ ‘ಆಯಿ’ ಎಂದು ತಿದ್ದಿರಿ, ಕಾರಣದ ಜಾಗದಲ್ಲಿ ನನ್ನ ಹೆಸರು ಬರೆಯಿರಿ ಎಂದು ಕೇಳಿದ್ದೇನೆ. ಆ ಪತ್ರ ಬರೆಯುವುದು ಕಷ್ಟವೇನೂ ಆಗಲಿಲ್ಲ. ದೂರದವರಿಗೆ ಹೇಳುವುದು ಸುಲಭ. ಇದನ್ನು ಓದುತ್ತಿರುವ ನಿಮಗೆ ಹೇಳುವುದೂ, ನೋಡಿ, ಅಷ್ಟೇನೂ ಕಷ್ಟವಾಗಲಿಲ್ಲ.

ಬರುವ ಬುಧವಾರ ಅವಳ ಮಗಳಿಗೆ ಮೂರನೆಯ ಲಸಿಕೆ. ಕ್ಯಾಲೆಂಡರಿನ ಚೌಕದಲ್ಲಿ ಅವಳ ಹೆಸರು ಬರೆದಿಟ್ಟಿದ್ದೇನೆ, ಈ ಸಲ ಬರೆದಿದ್ದೇನೆ. ನಿಂಗವ್ವನಿಗೆ ಓದಲು ಬಾರದು. ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಬೇಕು, ಎಲ್ಲರೂ ನಿಂತ ಸಾಲಿನ ಮುಂದೆಯಾದರೂ ಸರಿ. ಅವಳು ಉಗಿಯಬಹುದು, ಹೊಡೆಯಬಹುದು, ಒಂದು ಮಾತೂ ಆಡದೆ ಎದ್ದು ಹೋಗಬಹುದು. ಏನು ಮಾಡಿದರೂ ಅದು ಅವಳದು. ಲಸಿಕೆ ಮಾತ್ರ ಹಾಕಿಸಿಕೊಂಡು ಹೋಗಲಿ ಎಂದು ಮೊದಲು ಸೂಜಿ, ಆಮೇಲೆ ಮಾತು ಎಂದು ನಿಶ್ಚಯಿಸಿದ್ದೇನೆ.

ಮುಂದಿನದನ್ನು ಹೇಗೆ ಹೇಳುತ್ತೇನೋ ಗೊತ್ತಿಲ್ಲ. ಮೊದಲ ಮಾತನ್ನಷ್ಟೇ ನಾಲ್ಕು ದಿನದಿಂದ ಒಗ್ಗರಣೆ ಹಾಕುತ್ತ, ಬಟ್ಟೆ ಹಿಂಡುತ್ತ, ಗಟ್ಟಿಯಾಗಿ ಅಂದು ನೋಡುತ್ತಿದ್ದೇನೆ, ಅವಳದೇ ಮಾತಿನಲ್ಲಿ –

ನಿಂಗವ್ವಾ, ನೀ ಅವತ್ತ ಸರೀನ ಹೇಳಿದ್ದಿ.